ಶಿಕಾರಿಪುರದಲ್ಲಿ ಸೂರ್ಯ, ಸೊರಬದಲ್ಲಿ ನೆಪ್ಚೂನ್

ಭೂಪಟದ ಮೇಲೆ ಶಿಕಾರಿಪುರದಿಂದ ಸೊರಬಕ್ಕೆ ನೇರವಾಗಿ ಒಂದು ಗೆರೆ ಎಳೆದರೆ ಅದರ ಉದ್ದ ಸುಮಾರು 30 ಕಿಲೋಮೀಟರ್. ರಸ್ತೆ ಶಿರಾಳಕೊಪ್ಪದ ಮೇಲೆ ಬಳಸಿಕೊಂಡು ಹೋಗುವುದರಿಂದ ಇನ್ನಷ್ಟು ಉದ್ದ. ಆದರೆ ಇಲ್ಲಿ ನಮಗೆ ಬೇಕಿರುವುದು ನೇರ ಗೆರೆ. ಈ 30 ಕಿ.ಮೀ. ಎಂದರೆ ಎಷ್ಟು ದೂರ ಎಂದು ಈ ಭಾಗದವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಬಸ್ಸಿನಲ್ಲಾದರೆ ಎಷ್ಟು ಹೊತ್ತು, ಬೈಕಿಗೆ ಎಷ್ಟು ಪೆಟ್ರೋಲು, ನಡೆದರೆ ಕಾಲು ಎಷ್ಟು ನೋಯುತ್ತದೆ, ಎಲ್ಲವೂ ಮೈಗೇ ಗೊತ್ತು. ಹೀಗೆ ಮೈಗೆ ಗೊತ್ತಿರುವ ದೂರವೊಂದು ಕೈಯಲ್ಲಿದ್ದರೆ, ಮೈಗೆ ಗೊತ್ತಾಗದ ಜಗತ್ತನ್ನು ಅಳೆಯಲು ಅದನ್ನೇ ಕೋಲು ಮಾಡಿಕೊಳ್ಳಬಹುದು. ಸೌರವ್ಯೂಹದಿಂದ ಪರಮಾಣುವಿನವರೆಗೆ ಇದೊಂದೇ ಕೋಲು ಹಿಡಿದು ಹೋಗೋಣ. ನಮ್ಮ ಸಹಜ ಅಂದಾಜು ಎಲ್ಲೆಲ್ಲಿ ಕೈಕೊಡುತ್ತದೆ, ಏಕೆ ಕೈಕೊಡುತ್ತದೆ ಎಂಬುದು ದಾರಿಯಲ್ಲೇ ಕಾಣುತ್ತದೆ. ಒಂದು ಕಡೆ ಕೋಲೇ ಮುರಿಯುತ್ತದೆ. ಆ ಜಾಗವನ್ನೂ ನೋಡಬೇಕು.

ಮೊದಲು ಅಂದಾಜಿನ ಪರವಾಗಿ ಒಂದು ಮಾತು. ಸೊರಬದ ಕಡೆಯ ಅಡಿಕೆ ತೋಟದಲ್ಲಿ ಗೊನೆ ಕೊಯ್ಯುವ ಕೊನೆಗೌಡ ಮರದ ತುದಿಯಲ್ಲಿ ಕೂತು, ಮರವನ್ನು ಜೀಕಿ ಬಾಗಿಸಿ, ಪಕ್ಕದ ಮರ ಹಿಡಿದು ದಾಟಿಕೊಳ್ಳುವುದನ್ನು ನೋಡಿದವರಿಗೆ ಅಂದಾಜಿನ ಶಕ್ತಿ ಗೊತ್ತು. ಮರ ಎಷ್ಟು ಬಳುಕುತ್ತದೆ, ತನ್ನ ತೂಕಕ್ಕೆ ಎಷ್ಟು ಬಾಗುತ್ತದೆ, ಯಾವ ಗಳಿಗೆಯಲ್ಲಿ ಕೈ ಚಾಚಬೇಕು ಎಂಬುದನ್ನು ಕಾಗದದ ಮೇಲೆ ಬಿಡಿಸಲು ಹೊರಟರೆ ಇಂಜಿನಿಯರಿಂಗ್ ಓದಿದವರಿಗೂ ಬೆವರಿಳಿಯುತ್ತದೆ. ಅವನ ಮೈ ಅದನ್ನು ಅರೆಗಳಿಗೆಯಲ್ಲಿ ಮುಗಿಸುತ್ತದೆ. ಮನುಷ್ಯನ ಮಿದುಳು ಲಕ್ಷಾಂತರ ವರ್ಷ ಪಳಗಿದ್ದು ಇಂಥ ಕೆಲಸದಲ್ಲೇ: ಕೆಲವು ಮೀಟರ್ ದೂರ, ಕೆಲವು ಸೆಕೆಂಡ್ ಹೊತ್ತು, ಕೆಲವು ಕಿಲೋ ತೂಕ, ಓಡುವ ಪ್ರಾಣಿಯ ವೇಗ. ಇದರಾಚೆಯ ಅಳತೆ ನಮ್ಮ ಹಿರೀಕರಿಗೆ ಊಟ ಕೊಡಲಿಲ್ಲ, ಹುಲಿಯಿಂದ ಕಾಪಾಡಲೂ ಇಲ್ಲ. ಹಾಗಾಗಿ ಅದಕ್ಕೆಂದು ಮಿದುಳಿನಲ್ಲಿ ಏನೂ ತಯಾರಾಗಲಿಲ್ಲ. ತೊಂದರೆ ಏನೆಂದರೆ, ತನ್ನ ಗಡಿ ಮುಗಿಯಿತು ಎಂದು ಅಂದಾಜು ನಮಗೆ ಎಚ್ಚರಿಕೆ ಕೊಡುವುದಿಲ್ಲ. ಗೊತ್ತಿಲ್ಲದ ಕಡೆಯೂ ಅದೇ ಧೈರ್ಯದಿಂದ ಉತ್ತರ ಹೇಳುತ್ತಲೇ ಹೋಗುತ್ತದೆ.

ಒಂದು ಕಿಲೋಮೀಟರಿಗೆ ಹದಿನೈದು ಕೋಟಿ

ಸೂರ್ಯನಿಂದ ಭೂಮಿಗೆ ಸರಾಸರಿ 14.96 ಕೋಟಿ ಕಿ.ಮೀ. ಈ ದೂರವನ್ನು ಒಂದು ಕಿಲೋಮೀಟರಿಗೆ ಕುಗ್ಗಿಸೋಣ. ನೆಪ್ಚೂನ್ ಸೂರ್ಯನಿಂದ ಇರುವುದು ಇದರ 30 ಪಟ್ಟು ದೂರದಲ್ಲಿ. ಅಂದರೆ ಶಿಕಾರಿಪುರದಲ್ಲಿ ಸೂರ್ಯನನ್ನು ಕೂರಿಸಿದರೆ ನೆಪ್ಚೂನ್ ಸರಿಯಾಗಿ ಸೊರಬಕ್ಕೆ ಬಂದು ಬೀಳುತ್ತದೆ. ಇಷ್ಟು ಹೊಂದಿಕೊಂಡ ಎರಡು ತಾಲ್ಲೂಕು ಕೇಂದ್ರಗಳು ಸಿಕ್ಕಿದ್ದು ನಮ್ಮ ಪುಣ್ಯ.

ಹುಚ್ಚರಾಯಸ್ವಾಮಿ ದೇವಸ್ಥಾನದ ಬಳಿ ಸೂರ್ಯನನ್ನು ಇಡೋಣ. ಈ ಅಳತೆಯಲ್ಲಿ ಅವನ ಅಗಲ 9.3 ಮೀಟರ್, ಮೂರಂತಸ್ತಿನ ಮನೆಯಷ್ಟು ಎತ್ತರದ ಗೋಳ. ಅಲ್ಲಿಂದ 390 ಮೀಟರ್ ನಡೆದರೆ ಬುಧ, 3.3 ಸೆಂಟಿಮೀಟರ್. 720 ಮೀಟರಿನಲ್ಲಿ ಶುಕ್ರ, 8 ಸೆಂ.ಮೀ. ಒಂದು ಕಿಲೋಮೀಟರಿನಲ್ಲಿ ಭೂಮಿ: 8.5 ಸೆಂ.ಮೀ., ಅಂಗೈಯಲ್ಲಿ ಹಿಡಿಸುವ ಉಂಡೆ. ಅದರಿಂದ ಎರಡೂವರೆ ಮೀಟರ್ ಆಚೆಗೆ ಚಂದ್ರ, 2.3 ಸೆಂ.ಮೀ. ಅಪೊಲೊ ಯಾತ್ರಿಗಳು ದಾಟಿದ್ದು ಈ ಎರಡೂವರೆ ಮೀಟರನ್ನು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಈ ಉಂಡೆಯ ಮೈಯಿಂದ ಮೂರು ಮಿಲಿಮೀಟರ್ ಕೂಡ ಎತ್ತರದಲ್ಲಿಲ್ಲ. ಅದನ್ನು ನಾವು ‘ಅಂತರಿಕ್ಷ’ ಎನ್ನುತ್ತೇವೆ!

ಮಂಗಳ ಒಂದೂವರೆ ಕಿ.ಮೀ. ದೂರದಲ್ಲಿ, ನಾಲ್ಕೂವರೆ ಸೆಂಟಿಮೀಟರ್. ಇಲ್ಲಿಯವರೆಗೆ ಎಲ್ಲವೂ ಶಿಕಾರಿಪುರದ ಆಸುಪಾಸಿನಲ್ಲೇ ಮುಗಿಯಿತು. ಆಮೇಲೆ ಸುಮ್ಮನೆ ನಡೆಯಬೇಕು. ಗುರು ಸಿಗುವುದು 5.2 ಕಿ.ಮೀ.ಗೆ, ಹತ್ತಿರ ಹತ್ತಿರ ಒಂದು ಮೀಟರ್ ಅಗಲ. ಶನಿ 9.6 ಕಿ.ಮೀ.ಗೆ, 78 ಸೆಂ.ಮೀ. ಯುರೇನಸ್‌ಗೆ 19 ಕಿ.ಮೀ. ಹೋಗಬೇಕು, ಅಂದರೆ ಶಿರಾಳಕೊಪ್ಪದ ಆಚೆಗೆ. ಅದರ ಅಗಲ 34 ಸೆಂ.ಮೀ. ಕೊನೆಗೆ ಸೊರಬದ ದಂಡಾವತಿ ದಡದಲ್ಲಿ 33 ಸೆಂಟಿಮೀಟರಿನ ನೆಪ್ಚೂನ್. ನಡುವೆ ಏನಿದೆ? ಕ್ಷುದ್ರಗ್ರಹಗಳನ್ನೆಲ್ಲ ಗುಡಿಸಿ ಒಟ್ಟು ಮಾಡಿದರೂ ನಮ್ಮ 2.3 ಸೆಂಟಿಮೀಟರಿನ ಚಂದ್ರನಷ್ಟು ತೂಕ ಬರುವುದಿಲ್ಲ. ಉಳಿದದ್ದೆಲ್ಲ ಬಯಲು. ಬಯಲಿನ ಬಗ್ಗೆ ಮಾತಾಡಿದ ಅಲ್ಲಮನ ಬಳ್ಳಿಗಾವಿ ಇದೇ ದಾರಿಯ ಪಕ್ಕದಲ್ಲಿರುವುದು ಕಾಕತಾಳೀಯ. ಆದರೂ ಹೇಳದೆ ಬಿಡಲು ಮನಸ್ಸಾಗಲಿಲ್ಲ.

ಶಾಲೆಯ ಗೋಡೆಯ ಚಿತ್ರಪಟದಲ್ಲಿ ಒಂಬತ್ತು ಗೋಲಿಗಳು ಸೂರ್ಯನ ಪಕ್ಕದಲ್ಲಿ ಸಾಲಾಗಿ ಕೂತಿರುತ್ತವೆ (ಪ್ಲೂಟೊವನ್ನು 2006ರಲ್ಲಿ ಗ್ರಹಗಳ ಪಟ್ಟಿಯಿಂದ ಇಳಿಸಿದರೂ ಎಷ್ಟೋ ಗೋಡೆಗಳ ಮೇಲೆ ಅದಿನ್ನೂ ಇದೆ). ಚಿತ್ರ ಬರೆದವರನ್ನು ದೂರಿ ಫಲವಿಲ್ಲ. ಗ್ರಹದ ಗಾತ್ರ, ನಡುವಿನ ದೂರ ಎರಡನ್ನೂ ಒಂದೇ ಅಳತೆಯಲ್ಲಿ ಬರೆಯಲು ಕಾಗದ ಸಾಲುವುದಿಲ್ಲ. ಸಾಲುವುದು ತಾಲ್ಲೂಕು. ಈ ಮಾದರಿಯನ್ನು ಎರಡೂ ಊರಿನ ಶಾಲೆಗಳು ಸೇರಿ ಮಾಡಬಹುದು. ಗ್ರಹಗಳಿಗೆ ಮಣ್ಣಿನ ಉಂಡೆ, ಬಲೂನು ಸಾಕು. ಸೂರ್ಯನಿಗೆ ಮಾತ್ರ ಗೋಡೆಯ ಮೇಲೆ ಸುಣ್ಣದಲ್ಲಿ 9.3 ಮೀಟರಿನ ವೃತ್ತ. ದಾರಿ ಅಂಕುಡೊಂಕಾದ್ದರಿಂದ ರಸ್ತೆಯ ಮೈಲಿಗಲ್ಲು ನಂಬದೆ, ಮೊಬೈಲಿನ ನಕ್ಷೆಯಲ್ಲಿ ನೇರ ದೂರ ತೆಗೆದುಕೊಳ್ಳಬೇಕು.

ಮಾದರಿಯ ನಿಜವಾದ ಮಜಾ ಇರುವುದು ವೇಗದಲ್ಲಿ. ಸೂರ್ಯನ ಬೆಳಕು ಭೂಮಿಗೆ ಬರಲು 8 ನಿಮಿಷ 19 ಸೆಕೆಂಡ್ ಬೇಕು. ಈ ಅಳತೆಯಲ್ಲಿ ಅದು ಒಂದು ಕಿ.ಮೀ. ಹಾಗಾದರೆ ಬೆಳಕಿನ ವೇಗ ಗಂಟೆಗೆ 7.2 ಕಿ.ಮೀ., ಬಸ್ಸು ತಪ್ಪುತ್ತದೆಂದು ದಾಪುಗಾಲು ಹಾಕುವವರ ವೇಗ. ಜಗತ್ತಿನಲ್ಲಿ ಇದನ್ನು ಮೀರಿ ಯಾವುದೂ ಓಡುವಂತಿಲ್ಲ. ಶಿಕಾರಿಪುರದಲ್ಲಿ ಬೆಳಿಗ್ಗೆ ಎಂಟಕ್ಕೆ ಹೊರಟ ಬೆಳಕು ಸೊರಬ ಮುಟ್ಟುವುದು ಹನ್ನೆರಡೂ ಹತ್ತಕ್ಕೆ. ಇಡೀ ಬ್ರಹ್ಮಾಂಡದ ಸುದ್ದಿಯೆಲ್ಲ ಈ ನಡಿಗೆಯಲ್ಲೇ ಬರಬೇಕು. 1977ರಲ್ಲಿ ಹಾರಿಬಿಟ್ಟ ವಾಯೇಜರ್-1 ಈ ಮಾದರಿಯಲ್ಲಿ 160 ಕಿ.ಮೀ. ದಾಟಿದೆ. ಉತ್ತರಕ್ಕೆ ಹೊರಟಿತ್ತು ಎಂದಿಟ್ಟುಕೊಂಡರೆ ಧಾರವಾಡ ಕಳೆದು ಬೆಳಗಾವಿಯ ಕಡೆ ಸಾಗುತ್ತಿದೆ. ಮನುಷ್ಯ ಕಳಿಸಿದ ವಸ್ತುಗಳಲ್ಲಿ ಅತಿ ದೂರ ಹೋದದ್ದು ಅದೇ.

ಇನ್ನು ಸೂರ್ಯನನ್ನು ಬಿಟ್ಟರೆ ನಮಗೆ ಅತಿ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ ಸೆಂಟಾರಿ. ಈ ಮಾದರಿಯಲ್ಲಿ ಅದನ್ನು ಎಲ್ಲಿಡಬೇಕು? ಸಾಗರ, ಹಾವೇರಿ, ಬೆಂಗಳೂರು ಎಂದು ಊಹಿಸುತ್ತಾ ಹೋಗಿ. ಸರಿಯಾದ ಉತ್ತರ 2,68,000 ಕಿ.ಮೀ. ಭೂಮಿಯ ಮೇಲೆ ಅದಕ್ಕೆ ಜಾಗವೇ ಇಲ್ಲ. ನಿಜವಾದ ಚಂದ್ರನ ಕಡೆಗೆ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ದಾರಿ ಹೋಗಬೇಕು. ಒಂದು ಲಕ್ಷ ಜ್ಯೋತಿರ್ವರ್ಷ ಅಗಲದ ನಮ್ಮ ಆಕಾಶಗಂಗೆಯಂತೂ ಹೀಗೆ ಕುಗ್ಗಿಸಿದ ಮೇಲೂ 600 ಕೋಟಿ ಕಿ.ಮೀ. ದಾಟುತ್ತದೆ. ನಿಜವಾದ ಸೂರ್ಯನಿಂದ ನಿಜವಾದ ನೆಪ್ಚೂನ್‌ಗೆ ಇರುವ ದೂರವೇ 450 ಕೋಟಿ. ಕುಗ್ಗಿಸಿದ್ದೇ ಇಷ್ಟಾದರೆ ಅಸಲಿನ ಪಾಡೇನು ಎಂದು ಕೇಳಿದರೆ ಮನಸ್ಸು ಕೈಚೆಲ್ಲುತ್ತದೆ. ಹಾಗೆ ಕೈಚೆಲ್ಲುವುದೇ ಸರಿಯಾದ ಉತ್ತರ.

ದೊಡ್ಡದನ್ನು ಬಿಡಿ, ದಿನಾ ಕಾಣುವ ಚಂದ್ರನ ವಿಷಯದಲ್ಲೂ ಕಣ್ಣಳತೆ ಎಡವುತ್ತದೆ. ಹುಣ್ಣಿಮೆಯ ಸಂಜೆ ಅಡಿಕೆ ಮರಗಳ ಹಿಂದೆ ಮೂಡುವ ಚಂದ್ರ ತಟ್ಟೆಯಷ್ಟು ದೊಡ್ಡದು, ನಡುರಾತ್ರಿ ನೆತ್ತಿಯ ಮೇಲೆ ಬಂದಾಗ ಚಿಕ್ಕದು. ಒಂದು ತೊಗರಿಬೇಳೆಯನ್ನು ಬೆರಳ ತುದಿಯಲ್ಲಿ ಹಿಡಿದು, ಕೈ ಪೂರ್ತಿ ಚಾಚಿ, ಒಂದು ಕಣ್ಣು ಮುಚ್ಚಿ ನೋಡಿ. ಎರಡೂ ಹೊತ್ತಿನಲ್ಲಿ ಅದೇ ಬೇಳೆ ಅಷ್ಟೇ ಚಂದ್ರನನ್ನು ಮರೆಮಾಡುತ್ತದೆ. ವ್ಯತ್ಯಾಸ ಆಕಾಶದಲ್ಲಿಲ್ಲ. ವಿಚಿತ್ರವೆಂದರೆ, ಇದನ್ನು ಪರೀಕ್ಷೆ ಮಾಡಿ ತಿಳಿದುಕೊಂಡ ಮೇಲೂ ಮುಂದಿನ ಹುಣ್ಣಿಮೆಗೆ ಚಂದ್ರ ದೊಡ್ಡದಾಗಿಯೇ ಕಾಣುತ್ತಾನೆ. ತಿಳಿವಳಿಕೆ ಬಂದರೂ ಅಂದಾಜು ತಿದ್ದಿಕೊಳ್ಳುವುದಿಲ್ಲ.

ಗುಡವಿಯ ಹಕ್ಕಿಗಳು ಗೂಡಿಗೆ ಮರಳುವುದು ಹೇಗೆ?

ಭೂಮಿ ಸೂರ್ಯನನ್ನು ಸುತ್ತುವ ವೇಗ ಸೆಕೆಂಡಿಗೆ ಸುಮಾರು 30 ಕಿ.ಮೀ. ಮತ್ತೆ ಅದೇ ಕೋಲು! ‘ಒಂದು’ ಎಂದು ಎಣಿಸುವಷ್ಟರಲ್ಲಿ ನಾವೆಲ್ಲ ಶಿಕಾರಿಪುರದಿಂದ ಸೊರಬದಷ್ಟು ದೂರ ಹೋಗಿರುತ್ತೇವೆ. ಇದರ ಜೊತೆಗೆ ಭೂಮಿ ತನ್ನ ಸುತ್ತ ತಾನೂ ತಿರುಗುತ್ತಿದೆ. 14.3 ಡಿಗ್ರಿ ಅಕ್ಷಾಂಶದ ಈ ತಾಲ್ಲೂಕುಗಳು ಪೂರ್ವಕ್ಕೆ ಗಂಟೆಗೆ ಸುಮಾರು 1,620 ಕಿ.ಮೀ. ವೇಗದಲ್ಲಿ ಓಡುತ್ತಿವೆ. ಲೋಟದ ಕಾಫಿ ತುಳುಕುವುದಿಲ್ಲ.

ಆರ್ಯಭಟ ಕ್ರಿ.ಶ. 499ರ ತನ್ನ ಗ್ರಂಥದಲ್ಲಿ ಭೂಮಿಯೇ ತಿರುಗುತ್ತಿದೆ ಎಂದ. ದೋಣಿಯಲ್ಲಿ ಮುಂದೆ ಹೋಗುವವನಿಗೆ ದಡದ ಅಚಲ ವಸ್ತುಗಳು ಹಿಂದಕ್ಕೆ ಸರಿಯುವಂತೆ ಕಾಣುತ್ತವಲ್ಲ, ನಕ್ಷತ್ರಗಳು ಪಶ್ಚಿಮಕ್ಕೆ ಸರಿಯುವುದೂ ಹಾಗೆಯೇ ಎಂದು ವಿವರಿಸಿದ. ಮುಂದಿನ ಶತಮಾನದ ವರಾಹಮಿಹಿರ ಒಪ್ಪಲಿಲ್ಲ. ಭೂಮಿ ತಿರುಗುತ್ತಿದ್ದರೆ ಆಕಾಶಕ್ಕೆ ಹಾರಿದ ಹಕ್ಕಿಗಳು ತಮ್ಮ ಗೂಡಿಗೆ ಮರಳುವುದು ಹೇಗೆ ಎಂದು ಕೇಳಿದ. ಅವನೇನು ಸಾಮಾನ್ಯನಲ್ಲ, ತನ್ನ ಕಾಲದ ದೊಡ್ಡ ಜ್ಯೋತಿಷಿ, ಗಣಿತಜ್ಞ. ಪ್ರಶ್ನೆಯೂ ದಡ್ಡ ಪ್ರಶ್ನೆಯಲ್ಲ. ಇಂದು ತರಗತಿಯಲ್ಲಿ ಯಾವುದಾದರೂ ಮಗು ಇದನ್ನೇ ಕೇಳಿದರೆ ಮೇಷ್ಟ್ರು ಖುಷಿಪಡಬೇಕು.

ಸೊರಬ ತಾಲ್ಲೂಕಿನ ಗುಡವಿ ಪಕ್ಷಿಧಾಮದಲ್ಲಿ ಮಳೆಗಾಲದ ಸಂಜೆ ನಿಂತು ಈ ಪ್ರಶ್ನೆ ಕೇಳಿಕೊಳ್ಳಬೇಕು. ಕೆರೆಯ ನೀರಿನಲ್ಲಿ ಮುಳುಗಿ ನಿಂತ ಮರಗಳ ಮೇಲೆ ಕೆಂಬರಲು ಹಕ್ಕಿಗಳು ಇಳಿಯುತ್ತಿರುತ್ತವೆ. ಒಂದು ಹಕ್ಕಿ ಕೊಂಬೆ ಬಿಟ್ಟು ಹತ್ತು ಸೆಕೆಂಡ್ ಗಾಳಿಯಲ್ಲಿತ್ತು ಎನ್ನಿ. ಅಷ್ಟರಲ್ಲಿ ಆ ಮರ ಪೂರ್ವಕ್ಕೆ ನಾಲ್ಕೂವರೆ ಕಿ.ಮೀ. ಹೋಗಿರುತ್ತದೆ! ಆದರೂ ಹಕ್ಕಿ ಅದೇ ಕೊಂಬೆಗೆ ಬಂದು ಕೂರುತ್ತದೆ. ಏಕೆಂದರೆ ಕೊಂಬೆಯ ಮೇಲೆ ಕೂತಿದ್ದಾಗಲೇ ಹಕ್ಕಿಗೂ ಆ ವೇಗ ಇತ್ತು. ಕೊಂಬೆ ಬಿಟ್ಟ ಮಾತ್ರಕ್ಕೆ ಅದು ಕಳೆದುಹೋಗುವುದಿಲ್ಲ. ಸುತ್ತಲಿನ ಗಾಳಿ, ಕೆರೆಯ ನೀರು, ನೋಡುತ್ತಿರುವ ನಾವು, ಎಲ್ಲರೂ ಒಟ್ಟಿಗೆ ಓಡುತ್ತಿದ್ದೇವೆ. ನಮ್ಮ ಅಂದಾಜು ಹೇಳುವುದು ಇದಕ್ಕೆ ತದ್ವಿರುದ್ಧ: ತಳ್ಳುವುದು ನಿಂತರೆ ಚಲನೆ ನಿಲ್ಲುತ್ತದೆ. ಎತ್ತಿನ ಗಾಡಿ, ಸೈಕಲ್ಲು, ಎಲ್ಲವೂ ಹಾಗೆಯೇ ನಡೆದುಕೊಳ್ಳುವುದರಿಂದ ನಮಗೆ ಬೇರೆ ಸಾಕ್ಷಿ ಸಿಗುವುದೇ ಇಲ್ಲ. ಗಾಡಿಯನ್ನು ನಿಲ್ಲಿಸುವುದು ನೆಲದ ತಿಕ್ಕಾಟ, ಚಲನೆಯ ಸ್ವಭಾವವಲ್ಲ ಎಂದು ಬಿಡಿಸಿ ಹೇಳಲು ಗೆಲಿಲಿಯೊ ಬರಬೇಕಾಯಿತು. 1632ರ ಅವನ ಪುಸ್ತಕದಲ್ಲಿ ಹಡಗಿನ ಮುಚ್ಚಿದ ಕೋಣೆಯೊಂದು ಬರುತ್ತದೆ. ಒಳಗೆ ಚಿಟ್ಟೆಗಳು ಹಾರುತ್ತಿವೆ, ನೀರು ತೊಟ್ಟಿಕ್ಕುತ್ತಿದೆ. ಹಡಗು ಒಂದೇ ವೇಗದಲ್ಲಿ ಸಾಗುತ್ತಿದ್ದರೆ, ಅದು ನಿಂತಿದೆಯೋ ಚಲಿಸುತ್ತಿದೆಯೋ ಎಂದು ಒಳಗಿನ ಯಾವ ಪರೀಕ್ಷೆಯಿಂದಲೂ ಹೇಳಲಾಗದು. ಅಂದರೆ ಸಮವೇಗ ಮೈಗೆ ತಿಳಿಯುವುದೇ ಇಲ್ಲ. ತಿಳಿಯುವುದು ವೇಗದ ಬದಲಾವಣೆ. ಡ್ರೈವರ್ ಬ್ರೇಕ್ ಒತ್ತಿದಾಗ ಮುಗ್ಗರಿಸುವುದು ಅದಕ್ಕೇ.

ಹಾಗಾದರೆ ಭೂಮಿ ತಿರುಗುವುದನ್ನು ಕಣ್ಣಿಗೆ ತೋರಿಸುವುದು ಹೇಗೆ? 1851ರಲ್ಲಿ ಪ್ಯಾರಿಸ್ಸಿನಲ್ಲಿ ಫೂಕೊ ಉದ್ದನೆಯ ತಂತಿಗೆ ಗುಂಡು ಕಟ್ಟಿ ತೂಗಾಡಲು ಬಿಟ್ಟ. ಗುಂಡು ತೂಗುವ ದಿಕ್ಕು ನಿಧಾನಕ್ಕೆ ಸರಿಯುತ್ತಾ ಹೋಯಿತು. ಕೆಳಗಿನ ನೆಲ ತಿರುಗುತ್ತಿತ್ತು. ಪ್ಯಾರಿಸ್ಸಿನಲ್ಲಿ ಒಂದು ಸುತ್ತಿಗೆ ಸುಮಾರು 32 ಗಂಟೆ. ಸಮಭಾಜಕಕ್ಕೆ ಹತ್ತಿರವಾದಷ್ಟೂ ಸುತ್ತು ನಿಧಾನ. ಶಿಕಾರಿಪುರದಲ್ಲಿ ತೂಗುಬಿಟ್ಟರೆ ಒಂದು ಸುತ್ತು ಮುಗಿಯಲು ನಾಲ್ಕು ದಿನ ಹಿಡಿಯುತ್ತದೆ.

ಬೀಳುವ ವಸ್ತುವಿನ ವಿಷಯದಲ್ಲಿ ಅಂದಾಜು ಜೀವಕ್ಕೇ ಅಪಾಯ ತರಬಹುದು. 15 ಮೀಟರ್ ಎತ್ತರದ ಮರದಿಂದ ಕೈಜಾರಿದ ಅಡಿಕೆ ಗೊನೆ ನೆಲಕ್ಕೆ ಬರಲು ಒಂದೂಮುಕ್ಕಾಲು ಸೆಕೆಂಡ್ ಸಾಕು. ಅಷ್ಟರಲ್ಲಿ ಅದರ ವೇಗ ಗಂಟೆಗೆ 60 ಕಿ.ಮೀ. ಮುಟ್ಟಿರುತ್ತದೆ. ‘ಮೇಲೆ ನೋಡಿ ಪಕ್ಕಕ್ಕೆ ಸರಿದರಾಯಿತು’ ಎಂಬ ಲೆಕ್ಕಾಚಾರ ಇಲ್ಲಿ ನಡೆಯದು. ಗೊನೆಯನ್ನು ಹಗ್ಗದಲ್ಲಿ ಇಳಿಬಿಡುವ ಪದ್ಧತಿ ಅಡಿಕೆ ಹಾಳಾಗದಿರಲಿ ಎಂದಷ್ಟೇ ಬಂದದ್ದಲ್ಲ ಎನಿಸುತ್ತದೆ. ಮನೆಯಲ್ಲಿ ಮಾಡಬಹುದಾದ ಪರೀಕ್ಷೆಯೂ ಒಂದಿದೆ. ಮೇಜಿನ ಅಂಚಿನಲ್ಲಿ ಎರಡು ನಾಣ್ಯ ಇಟ್ಟು, ಒಂದನ್ನು ಹಾಗೇ ಬೀಳುವಂತೆಯೂ ಇನ್ನೊಂದನ್ನು ಜೋರಾಗಿ ಚಿಮ್ಮುವಂತೆಯೂ ಒಂದೇ ಅಡಿಪಟ್ಟಿಯಿಂದ ಒಟ್ಟಿಗೆ ತಳ್ಳಿ. ದೂರ ಹೋಗುವ ನಾಣ್ಯ ತಡವಾಗಿ ಬೀಳಬೇಕು ಎಂದು ಮನಸ್ಸು ಹೇಳುತ್ತದೆ. ಕಣ್ಣು ಮುಚ್ಚಿ ಕೇಳಿಸಿಕೊಳ್ಳಿ: ಎರಡೂ ನೆಲಕ್ಕೆ ತಾಗುವ ಸದ್ದು ಒಂದೇ.

ನಡುವಿನ ಉಬ್ಬು

ಶಿಕಾರಿಪುರ ಮತ್ತು ಸೊರಬದ ನಡುವಿನ ನೆಲ, ಗುಡ್ಡ-ತಗ್ಗು ಬಿಟ್ಟರೆ, ಮಟ್ಟಸ ಎಂದೇ ನಾವು ಎಣಿಸುತ್ತೇವೆ. ಭೂಮಿ ಗುಂಡಗಿರುವುದರಿಂದ ಎರಡೂ ಊರನ್ನು ನೆಲದೊಳಗಿನಿಂದ ಕೂಡಿಸುವ ನೇರ ಗೆರೆಗಿಂತ ನಡುಭಾಗ ಸುಮಾರು 18 ಮೀಟರ್ ಉಬ್ಬಿರುತ್ತದೆ, ಒಂದು ಎತ್ತರದ ಅಡಿಕೆ ಮರದಷ್ಟು. 30 ಕಿ.ಮೀ.ಗೆ 18 ಮೀಟರ್ ಎಂದರೆ ಕಣ್ಣಿಗೆ ಹೊಳೆಯುವ ಬಾಗಲ್ಲ. ಆದರೆ ದೂರ ಇನ್ನಷ್ಟು ಹೆಚ್ಚಿದರೆ ನೆರಳಿಗೆ ಅದು ಗೊತ್ತಾಗುತ್ತದೆ.

ಮಟಮಟ ಮಧ್ಯಾಹ್ನ ಹನ್ನೆರಡಕ್ಕೆ ಸೂರ್ಯ ನೆತ್ತಿಯ ಮೇಲಿರುತ್ತಾನೆ ಎನ್ನುವುದು ಎಲ್ಲರ ನಂಬಿಕೆ. ಇಲ್ಲಿ ತಪ್ಪು ಎರಡು. ಈ ಊರುಗಳಲ್ಲಿ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುವುದು ವರ್ಷಕ್ಕೆ ಎರಡೇ ಸಲ: ಏಪ್ರಿಲ್ 28-29ರ ಆಸುಪಾಸು, ಮತ್ತೆ ಆಗಸ್ಟ್ 14ರ ಆಸುಪಾಸು. ಅದೂ ಹನ್ನೆರಡು ಗಂಟೆಗಲ್ಲ. ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿ ಪೂರ್ವ ರೇಖಾಂಶದ ಸಮಯಕ್ಕೆ. ಶಿಕಾರಿಪುರ ಇರುವುದು 75.35 ಡಿಗ್ರಿಯಲ್ಲಿ. ಹಾಗಾಗಿ ಏಪ್ರಿಲ್ ಕೊನೆಯಲ್ಲಿ ಇಲ್ಲಿನ ನಿಜವಾದ ನಡುಹಗಲು 12 ಗಂಟೆ 26 ನಿಮಿಷಕ್ಕೆ, ಆಗಸ್ಟಿನಲ್ಲಿ 12 ಗಂಟೆ 33 ನಿಮಿಷಕ್ಕೆ. ಆ ಹೊತ್ತಿಗೆ ನೆಟ್ಟಗೆ ನಿಲ್ಲಿಸಿದ ಕೋಲಿಗೆ, ಕಂಬಕ್ಕೆ, ಬಾಟಲಿಗೆ ಪಕ್ಕದಲ್ಲಿ ನೆರಳೇ ಬೀಳುವುದಿಲ್ಲ. ಇದೇ ಶೂನ್ಯ ನೆರಳಿನ ದಿನ. ಆಗಸ್ಟಿನಲ್ಲಿ ಮಲೆನಾಡಿನ ಮೋಡ ದಯೆ ತೋರುವುದು ಅನುಮಾನ, ಏಪ್ರಿಲ್‌ನದ್ದೇ ನಂಬಿಗಸ್ತ.

ಈ ನೆರಳಿನಿಂದ ಭೂಮಿಯ ಸುತ್ತಳತೆ ಕಂಡುಹಿಡಿಯಬಹುದು. ಈಜಿಪ್ಟಿನಲ್ಲಿ ಎರಟೋಸ್ತನೀಸ್ ಕ್ರಿಸ್ತಪೂರ್ವ ಮೂರನೇ ಶತಮಾನದಲ್ಲೇ ಅದನ್ನು ಮಾಡಿದ. ಶಿಕಾರಿಪುರ-ಸೊರಬ ಇದಕ್ಕೆ ಸಾಲುವುದಿಲ್ಲ. ಒಂದು ಮೀಟರ್ ಕೋಲಿನ ನೆರಳಿನಲ್ಲಿ ಎರಡೂ ಊರಿಗೆ ಎರಡು ಮಿಲಿಮೀಟರ್ ವ್ಯತ್ಯಾಸ ಬರಬಹುದು, ನೆರಳಿನ ಅಂಚಿನ ಮಸುಕೇ ಅದಕ್ಕಿಂತ ದೊಡ್ಡದು. ಆದರೆ ಕರ್ನಾಟಕದಲ್ಲೇ ಇದಕ್ಕೆಂದು ಮಾಡಿಟ್ಟಂಥ ಜೋಡಿಯೊಂದಿದೆ: ಮೈಸೂರು ಮತ್ತು ಕಲಬುರಗಿ. ಎರಡೂ ಹೆಚ್ಚುಕಡಿಮೆ ಒಂದೇ ರೇಖಾಂಶದಲ್ಲಿವೆ, ಒಂದರ ನೇರ ಉತ್ತರಕ್ಕೆ ಇನ್ನೊಂದು. ನಡುವಿನ ನೇರ ದೂರ ಸುಮಾರು 555 ಕಿ.ಮೀ. ಮಾರ್ಚ್ 20-21ರಂದು ಎರಡೂ ಕಡೆ ಒಂದೊಂದು ಮೀಟರ್ ಕೋಲು ನೆಟ್ಟು, ಹನ್ನೆರಡರಿಂದ ಒಂದರವರೆಗೆ ಐದೈದು ನಿಮಿಷಕ್ಕೆ ನೆರಳಿನ ತುದಿ ಗುರುತು ಮಾಡಿ, ಅತಿ ಗಿಡ್ಡ ನೆರಳನ್ನು ಹಿಡಿಯಬೇಕು. ಮೈಸೂರಿನಲ್ಲಿ ಸುಮಾರು 22 ಸೆಂ.ಮೀ., ಕಲಬುರಗಿಯಲ್ಲಿ 31 ಸೆಂ.ಮೀ. ಬರುತ್ತದೆ. ಕೋನಕ್ಕೆ ತಿರುಗಿಸಿದರೆ ವ್ಯತ್ಯಾಸ 5 ಡಿಗ್ರಿ. ಪೂರ್ತಿ ಸುತ್ತಿಗೆ 360 ಡಿಗ್ರಿ, ಅಂದರೆ 72 ಪಟ್ಟು. 555ನ್ನು 72ರಿಂದ ಗುಣಿಸಿದರೆ 39,960. ಧ್ರುವಗಳ ಮೇಲೆ ಹಾದುಹೋಗುವ ಭೂಮಿಯ ಸುತ್ತಳತೆ 40,008 ಕಿ.ಮೀ. ಕೋಲು, ಅಡಿಪಟ್ಟಿ, ಒಂದು ಫೋನ್ ಕರೆ, ಇಷ್ಟರಲ್ಲಿ ಉಪಗ್ರಹದ ಹಂಗಿಲ್ಲದೆ ಭೂಮಿ ಅಳೆದಾಯಿತು. ಕಣ್ಣು ಕಾಣದ್ದನ್ನು ಅಳತೆ ಕಾಣುವುದು ಹೀಗೆ.

ಚರ್ಮವೂ ಕಣ್ಣಿನಷ್ಟೇ ಸುಳ್ಳು ಹೇಳುತ್ತದೆ. ಡಿಸೆಂಬರ್ ಬೆಳಗಿನಲ್ಲಿ ಕಬ್ಬಿಣದ ಗೇಟು ಮುಟ್ಟಿದರೆ ಕೊರೆಯುತ್ತದೆ, ಪಕ್ಕದ ಮರದ ಬಾಗಿಲು ಅಷ್ಟು ತಣ್ಣಗಿಲ್ಲ. ರಾತ್ರಿಯಿಡೀ ಒಂದೇ ಗಾಳಿಯಲ್ಲಿದ್ದ ಎರಡರ ಉಷ್ಣತೆಯೂ ಒಂದೇ. ಲೋಹ ಕೈಯ ಶಾಖವನ್ನು ಬೇಗ ಎಳೆದುಕೊಳ್ಳುತ್ತದೆ, ಮರ ನಿಧಾನವಾಗಿ. ಚರ್ಮ ಓದುವುದು ಶಾಖ ಹರಿಯುವ ವೇಗವನ್ನು, ನಾವು ಅದನ್ನೇ ಉಷ್ಣತೆ ಎಂದುಕೊಳ್ಳುತ್ತೇವೆ.

ಒಂದು ವರ್ಷಕ್ಕೆ ಒಂದು ಮಿಲಿಮೀಟರ್

ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಪ್ರಣವೇಶ್ವರ ಗುಡಿಯ ಎದುರು ಕದಂಬರ ಸ್ತಂಭಶಾಸನವಿದೆ. ಕವಿ ಕುಬ್ಜ ಬರೆದದ್ದು, ಶಾಂತಿವರ್ಮನ ಕಾಲದ್ದು, ಐದನೇ ಶತಮಾನದ ನಡುಭಾಗಕ್ಕೆ ಸೇರಿದ್ದು. ಆರ್ಯಭಟನಿಗಿಂತ ತುಸು ಹಿಂದಿನದು. ನಮಗೆ ಅದು ಬಹಳ ಹಳೆಯದು. ಒಂದು ವರ್ಷಕ್ಕೆ ಒಂದು ಮಿಲಿಮೀಟರ್ ಎಂದು ಕಾಲವನ್ನು ನೆಲದ ಮೇಲೆ ಹಾಸಿ ನೋಡಿ. ತುಂಬು ಬಾಳು ಬದುಕಿದವರ ಆಯಸ್ಸು 8 ಸೆಂ.ಮೀ. ತಾಳಗುಂದದ ಶಾಸನ ಒಂದೂವರೆ ಮೀಟರಿನಲ್ಲಿ, ಕೈಚಾಚಿದರೆ ಹತ್ತಿರ ಹತ್ತಿರ ಸಿಗುತ್ತದೆ. ನಮ್ಮಂಥ ಮನುಷ್ಯರು ಕಾಣಿಸಿಕೊಂಡದ್ದು 300 ಮೀಟರ್ ಆಚೆ. ಡೈನೊಸಾರ್‌ಗಳು ಅಳಿದದ್ದು 66 ಕಿ.ಮೀ.ಗೆ: ಶಿಕಾರಿಪುರದಿಂದ ಸೊರಬಕ್ಕೆ ಹೋಗಿ, ಮರಳಿ ಬಂದು, ಇನ್ನೂ ಆರು ಕಿ.ಮೀ. ಇನ್ನು ಭೂವಿಜ್ಞಾನಿಗಳು ‘ಶಿವಮೊಗ್ಗ ಶಿಸ್ಟ್ ಪಟ್ಟಿ’ ಎಂದು ಕರೆಯುವ ಈ ಜಿಲ್ಲೆಯ ಶಿಲೆಗಳಿಗೆ ಸುಮಾರು 260 ಕೋಟಿ ವರ್ಷ. ಅಷ್ಟು ದೂರ ಹೋಗಲು ಇಲ್ಲಿಂದ ಶ್ರೀನಗರ ದಾಟಿ ಇನ್ನೂ 400 ಕಿ.ಮೀ. ಹೋಗಬೇಕು, ಒಂದೊಂದು ಮಿಲಿಮೀಟರಿಗೂ ಒಂದು ಮಳೆಗಾಲ ಎಣಿಸುತ್ತಾ. ಬೆಟ್ಟ ಕರಗುತ್ತದೆ, ನದಿ ದಾರಿ ಬದಲಿಸುತ್ತದೆ, ಒಂದು ಜೀವಿಯಿಂದ ಇನ್ನೊಂದು ಜೀವಿ ಬರುತ್ತದೆ ಎಂದರೆ ಜನ ನಂಬದಿರುವುದಕ್ಕೆ ಮುಖ್ಯ ಕಾರಣ ಧರ್ಮವೋ ಶಾಸ್ತ್ರವೋ ಅಲ್ಲ ಎಂದೇ ನನ್ನ ಲೆಕ್ಕ. ಎಂಟು ಸೆಂಟಿಮೀಟರಿನ ಜೀವಕ್ಕೆ ಎರಡು ಸಾವಿರ ಕಿಲೋಮೀಟರಿನ ಕೆಲಸ ಕಾಣುವುದಿಲ್ಲ, ಅಷ್ಟೇ.

ಕಾಲದ ಬಗ್ಗೆ ಇನ್ನೂ ದೊಡ್ಡ ಪೆಟ್ಟು ಬಿದ್ದದ್ದು ಐನ್‌ಸ್ಟೈನನಿಂದ. ಗಡಿಯಾರ ಎಲ್ಲಿದ್ದರೂ ಒಂದೇ ರೀತಿ ನಡೆಯುತ್ತದೆ ಎನ್ನುವುದನ್ನು ನಾವು ಪ್ರಶ್ನಿಸುವುದೂ ಇಲ್ಲ. 20,200 ಕಿ.ಮೀ. ಎತ್ತರದಲ್ಲಿ ಸುತ್ತುವ ಜಿಪಿಎಸ್ ಉಪಗ್ರಹದ ಗಡಿಯಾರ, ಅದರ ವೇಗದ ಕಾರಣಕ್ಕೆ ದಿನಕ್ಕೆ 7 ಮೈಕ್ರೊಸೆಕೆಂಡ್ ಹಿಂದೆ ಬೀಳುತ್ತದೆ. ಅಲ್ಲಿ ಗುರುತ್ವ ಕಡಿಮೆಯಾದ ಕಾರಣಕ್ಕೆ 45 ಮೈಕ್ರೊಸೆಕೆಂಡ್ ಮುಂದೆ ಓಡುತ್ತದೆ. ಕೂಡಿ ಕಳೆದರೆ ದಿನಕ್ಕೆ 38 ಮೈಕ್ರೊಸೆಕೆಂಡ್ ಮುಂದೆ. ಸೆಕೆಂಡಿನ ಹತ್ತು ಲಕ್ಷ ಪಾಲಿನಲ್ಲಿ ಮೂವತ್ತೆಂಟು ಪಾಲು, ಯಾರಿಗೆ ಬೇಕು ಎನ್ನಬಹುದು. ಆದರೆ ಉಪಗ್ರಹದಿಂದ ಮೊಬೈಲಿಗಿರುವ ದೂರವನ್ನು ಲೆಕ್ಕ ಹಾಕುವುದು ಸಂಕೇತ ಬರಲು ಹಿಡಿದ ಸಮಯದಿಂದ. ಬೆಳಕು 38 ಮೈಕ್ರೊಸೆಕೆಂಡಿನಲ್ಲಿ 11 ಕಿ.ಮೀ. ಓಡುತ್ತದೆ. ತಿದ್ದುಪಡಿ ಮಾಡದಿದ್ದರೆ ಆ ದೂರದ ಲೆಕ್ಕ ದಿನಕ್ಕೆ ಅಷ್ಟರಮಟ್ಟಿಗೆ ತಪ್ಪುತ್ತಾ, ಮೂರೇ ದಿನದಲ್ಲಿ ಶಿಕಾರಿಪುರ-ಸೊರಬದ ಅಂತರವನ್ನೂ ಮೀರುತ್ತದೆ. ಹಾಗಾಗದಂತೆ ಉಪಗ್ರಹ ಹಾರುವ ಮೊದಲೇ ಅದರ ಗಡಿಯಾರವನ್ನು ಅಷ್ಟು ನಿಧಾನ ಮಾಡಿ ಕಳಿಸುತ್ತಾರೆ. ಮದುವೆ ಮನೆಗೆ ದಾರಿ ಹುಡುಕುವಾಗಲೂ ನಾವು ಸಾಪೇಕ್ಷತಾ ಸಿದ್ಧಾಂತವನ್ನು ನಂಬಿಕೊಂಡೇ ತಿರುವು ತೆಗೆದುಕೊಳ್ಳುತ್ತೇವೆ.

ಕೋಲು ಮುರಿಯುವ ಜಾಗ

ಈಗ ಕೋಲನ್ನು ತಿರುಗಿಸಿ ಹಿಡಿಯೋಣ. ಒಂದು ಹೈಡ್ರೊಜನ್ ಪರಮಾಣುವನ್ನು 30 ಕಿ.ಮೀ. ಅಗಲಕ್ಕೆ ಹಿಗ್ಗಿಸಿದರೆ, ನಟ್ಟನಡುವಿನ ಪ್ರೋಟಾನು ಅರ್ಧ ಮೀಟರ್ ಗಾತ್ರದ್ದಾಗುತ್ತದೆ. ಪರಮಾಣುವಿನ ತೂಕವೆಲ್ಲ ಹೆಚ್ಚುಕಡಿಮೆ ಅಲ್ಲೇ. 1911ರಲ್ಲಿ ರುದರ್‌ಫರ್ಡ್, ಚಿನ್ನದ ತೆಳು ಹಾಳೆಯ ಮೇಲೆ ಕಣಗಳನ್ನು ಹಾಯಿಸಿದ ಪ್ರಯೋಗದಿಂದ ಇದನ್ನು ಕಂಡುಕೊಂಡ. ಬಹುಪಾಲು ಕಣಗಳು ಹಾಳೆಯೇ ಇಲ್ಲವೆಂಬಂತೆ ಆಚೆ ಹೋದವು, ಎಲ್ಲೋ ಒಂದೊಂದು ಹಿಂದಕ್ಕೆ ಚಿಮ್ಮಿತು. ಹಾಗಾದರೆ ಗೋಡೆಯೂ ಬಯಲು, ಕೈಯೂ ಬಯಲು. ಕೈ ಗೋಡೆಯ ಮೂಲಕ ಹೋಗಬೇಕಿತ್ತಲ್ಲ? ಹೋಗುವುದಿಲ್ಲ, ಏಕೆಂದರೆ ಎರಡರ ಎಲೆಕ್ಟ್ರಾನುಗಳು ಒಂದನ್ನೊಂದು ವಿದ್ಯುತ್ ಬಲದಿಂದ ದೂಡುತ್ತವೆ. ಒಂದೇ ಸ್ಥಿತಿಯಲ್ಲಿ ಎರಡು ಎಲೆಕ್ಟ್ರಾನು ಇರಬಾರದು ಎಂಬ ಪೌಲಿಯ ನಿಯಮವೂ ಅಡ್ಡ ನಿಲ್ಲುತ್ತದೆ. ‘ಗಟ್ಟಿ’ ಎಂದು ನಮಗೆ ಅನಿಸುವುದು ಈ ತಳ್ಳಾಟ.

ಆ ಎಲೆಕ್ಟ್ರಾನನ್ನು ನಮ್ಮ ಮಾದರಿಯಲ್ಲಿ ಎಲ್ಲಿಡಬೇಕು? ಇಲ್ಲಿಗೆ ಬಂದು ಕೋಲು ಮುರಿಯಿತು. ಗ್ರಹಗಳನ್ನು ಕುಗ್ಗಿಸಿ ಶಿರಾಳಕೊಪ್ಪದ ದಾರಿಯಲ್ಲಿ ಇಡಬಹುದಿತ್ತು, ಏಕೆಂದರೆ ಗುರುವಾಗಲಿ ಶನಿಯಾಗಲಿ ಒಂದು ಹೊತ್ತಿಗೆ ಒಂದು ಜಾಗದಲ್ಲಿರುವ ವಸ್ತು. ಗಾತ್ರ ಬೇರೆ, ಜಾತಿ ಒಂದೇ. ಎಲೆಕ್ಟ್ರಾನಿನ ಜಾತಿಯೇ ಬೇರೆ. ಅಳೆದು ನೋಡುವ ಮುನ್ನ ಅದಕ್ಕೆ ಇಂಥದ್ದೇ ಜಾಗ ಎಂದಿಲ್ಲ. ಎಲ್ಲಿ ಸಿಗಬಹುದು ಎಂಬ ಸಂಭಾವ್ಯತೆ ಮಾತ್ರ ಇದೆ. ಪಠ್ಯಪುಸ್ತಕಗಳಲ್ಲಿ ಎಲೆಕ್ಟ್ರಾನುಗಳು ಗ್ರಹಗಳ ಹಾಗೆ ಸುತ್ತುವ ಚಿತ್ರ ಇನ್ನೂ ಬರುತ್ತಲೇ ಇದೆ. ಸೌರವ್ಯೂಹದ ಗೋಡೆಚಿತ್ರದಲ್ಲಿ ಇದ್ದದ್ದು ಅಳತೆಯ ತಪ್ಪು, ಕ್ಷಮಿಸಬಹುದು. ಇದು ಅದಕ್ಕಿಂತ ಆಳದ ತಪ್ಪು.

1989ರಲ್ಲಿ ಜಪಾನಿನ ತೊನೊಮುರ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗದಲ್ಲಿ ಎಲೆಕ್ಟ್ರಾನುಗಳನ್ನು ಒಂದೊಂದಾಗಿ ಕಳಿಸಿದರು. ಮುಂದೆ ಎರಡು ದಾರಿ, ಅದರಾಚೆ ಪರದೆ. ಒಂದು ಎಲೆಕ್ಟ್ರಾನು ಪರದೆಗೆ ಬಡಿದರೆ ಒಂದು ಚುಕ್ಕೆ. ಮೊದಲು ಚುಕ್ಕೆಗಳು ಕಂಡಕಂಡಲ್ಲಿ ಬಿದ್ದವು. ಸಾವಿರಾರು ಆದ ಮೇಲೆ ಅವು ಸಾಲುಸಾಲಾಗಿ, ನಡುವೆ ಖಾಲಿ ಪಟ್ಟಿ ಬಿಟ್ಟು ಕೂಡಿಕೊಂಡವು. ಎರಡು ಅಲೆ ಒಂದರ ಮೇಲೊಂದು ಬಂದಾಗ ಮೂಡುವ ವಿನ್ಯಾಸ ಅದು. ಆದರೆ ಒಂದು ಹೊತ್ತಿಗೆ ಹೊರಟದ್ದು ಒಂದೇ ಎಲೆಕ್ಟ್ರಾನು. ಅದು ಯಾವ ದಾರಿಯಲ್ಲಿ ಬಂತು ಎಂದು ಕಂಡುಹಿಡಿಯುವ ಏರ್ಪಾಡು ಮಾಡಿದರೆ ಆ ಪಟ್ಟೆಗಳೇ ಮಾಯವಾಗುತ್ತವೆ.

ಒಳಗೆ ಎಲ್ಲೋ ಒಂದು ಗುಟ್ಟಿನ ಉತ್ತರ ಇದ್ದೇ ಇರಬೇಕು, ನಮಗೆ ಗೊತ್ತಿಲ್ಲ ಅಷ್ಟೇ ಎಂದು ಮನಸ್ಸು ಹಟ ಹಿಡಿಯುತ್ತದೆ. ಐನ್‌ಸ್ಟೈನನಿಗೂ ಹಾಗೇ ಅನಿಸಿತ್ತು. ಆ ಅನಿಸಿಕೆಯನ್ನು ಪರೀಕ್ಷೆಗೆ ಒಡ್ಡುವ ದಾರಿಯನ್ನು 1964ರಲ್ಲಿ ಜಾನ್ ಬೆಲ್ ತೋರಿಸಿದ: ಒಟ್ಟಿಗೆ ಹುಟ್ಟಿ ದೂರ ದೂರ ಹೋದ ಜೋಡಿ ಕಣಗಳು ಉತ್ತರವನ್ನು ಮೊದಲೇ ಕಿಸೆಯಲ್ಲಿಟ್ಟುಕೊಂಡು ಬಂದಿದ್ದು, ದೂರದಿಂದ ತಕ್ಷಣ ಒಂದರ ಪ್ರಭಾವ ಇನ್ನೊಂದಕ್ಕೆ ತಟ್ಟದಿದ್ದರೆ, ಅಳತೆಗಳ ತಾಳೆ ಒಂದು ಮಿತಿ ದಾಟಬಾರದು. ಪ್ರಯೋಗಗಳಲ್ಲಿ ಅದು ದಾಟಿತು, ಕ್ವಾಂಟಂ ಲೆಕ್ಕ ಹೇಳಿದ್ದಷ್ಟೇ ದಾಟಿತು. ಇದಕ್ಕೇ 2022ರ ಭೌತವಿಜ್ಞಾನದ ನೊಬೆಲ್ ಅಸ್ಪೆ, ಕ್ಲೌಸರ್, ಝೈಲಿಂಗರ್ ಅವರಿಗೆ ಬಂತು. ಇದನ್ನು ಮನಸ್ಸಿನಲ್ಲಿ ಚಿತ್ರ ಬರೆದುಕೊಂಡು ಅರ್ಥಮಾಡಿಕೊಂಡವರು ಯಾರೂ ಇಲ್ಲ. ಭೌತವಿಜ್ಞಾನಿಗಳು ಮಾಡುವುದು ಇಷ್ಟು: ಸಮೀಕರಣ ಬಿಡಿಸಿ, ಬಂದ ಸಂಖ್ಯೆಯನ್ನು ಅಳತೆಯ ಜೊತೆ ಹೋಲಿಸುತ್ತಾರೆ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು 2021ರಲ್ಲಿ ಇಂಥದ್ದೇ ಜೋಡಿ ಫೋಟಾನುಗಳನ್ನು, ಅಂದರೆ ಬೆಳಕಿನ ಕಣಗಳನ್ನು, ಬಳಸಿ ಎರಡು ಕಟ್ಟಡಗಳ ನಡುವೆ, ಬಯಲಿನ ಗಾಳಿಯಲ್ಲೇ, ಗುಪ್ತ ಸಂಕೇತದ ಕೀಲಿ ಕಳಿಸಿ ತೋರಿಸಿದರು. ದಾರಿಯಲ್ಲಿ ಯಾರಾದರೂ ಕದ್ದು ನೋಡಿದರೆ ಫೋಟಾನಿನ ಸ್ಥಿತಿ ಕೆಡುತ್ತದೆ, ಕಳಿಸಿದವರಿಗೂ ಪಡೆದವರಿಗೂ ಗೊತ್ತಾಗುತ್ತದೆ.